ಎರಡು ಚಕ್ರ ಒಟ್ಟಿಗೆ ತಿರುಗಬೇಕೋ ಬೇಡವೋ: ಡಿಫರೆನ್ಷಿಯಲ್ ಲಾಕ್‌ನ ಕತೆ

ಟ್ರ್ಯಾಕ್ಟರ್ ಓಡಿಸುವವರಿಗೆ ಹಿಮ್ಮಡಿಯ ಹತ್ತಿರ ಇರುವ ಆ ಸಣ್ಣ ಪೆಡಲ್ ಗೊತ್ತು. ಗದ್ದೆಯಲ್ಲಿ ಒಂದು ಚಕ್ರ ಕೆಸರಲ್ಲಿ ಗಿರಗಿರ ತಿರುಗುತ್ತಾ ಇನ್ನೊಂದು ಸುಮ್ಮನೆ ನಿಂತುಬಿಟ್ಟಾಗ ಅದನ್ನು ಒತ್ತುತ್ತೇವೆ. ಎರಡೂ ಚಕ್ರ ಒಟ್ಟಿಗೆ ಎಳೆದು ಗಾಡಿ ಮೇಲೆ ಬರುತ್ತದೆ. ಅದರ ಹೆಸರು ಡಿಫರೆನ್ಷಿಯಲ್ ಲಾಕ್. ಇನ್ನು ಹೊಗೆ ಎಬ್ಬಿಸುತ್ತಾ ಅಡ್ಡಡ್ಡ ಜಾರುವ ಡ್ರಿಫ್ಟ್ ಕಾರುಗಳ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಆ ಕಾರುಗಳ ಹೊಟ್ಟೆಯಲ್ಲಿರುವುದೂ ಇದೇ ಸಂಗತಿ. ಟ್ರ್ಯಾಕ್ಟರಿನಲ್ಲಿ ಕಾಲು ತೆಗೆದರೆ ಲಾಕ್ ಬಿಡುತ್ತದೆ. ಎಷ್ಟೋ ಡ್ರಿಫ್ಟ್ ಕಾರುಗಳಲ್ಲಿ ಅದನ್ನು ವೆಲ್ಡಿಂಗ್ ಹೊಡೆದು ಶಾಶ್ವತವಾಗಿ ಕೂರಿಸಿರುತ್ತಾರೆ, ಅಷ್ಟೇ ವ್ಯತ್ಯಾಸ.

ಮೊದಲು ಒಂದು ಲೆಕ್ಕ. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಎಡ ಮತ್ತು ಬಲ ಚಕ್ರದ ನಡುವೆ ಒಂದೂವರೆ ಮೀಟರ್ ಅಂತರ ಇದೆ ಅಂದುಕೊಳ್ಳಿ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 9.4 ಮೀಟರ್ ಹೆಚ್ಚು ನಡೆಯಬೇಕು. ಬಾವಿ ಸುತ್ತಿದರೂ ಅಷ್ಟೇ, ಕೆರೆ ಸುತ್ತಿದರೂ ಅಷ್ಟೇ. ರಸ್ತೆಯಲ್ಲಿ ಎಡಕ್ಕೋ ಬಲಕ್ಕೋ ಒಂದು ನೇರ ತಿರುವು ತೆಗೆದುಕೊಂಡರೆ ಅದರ ಕಾಲು ಭಾಗ, ಸುಮಾರು 2.4 ಮೀಟರ್. ಎರಡೂ ಚಕ್ರವನ್ನು ಒಂದೇ ಅಚ್ಚಿಗೆ ಬಿಗಿದುಬಿಟ್ಟರೆ ಈ 2.4 ಮೀಟರ್ ಎಲ್ಲಿ ಹೋಗಬೇಕು? ಯಾವುದಾದರೂ ಒಂದು ಸೋಲಲೇಬೇಕು: ನೆಲ, ಟೈರು, ಅಥವಾ ಒಳಗಿನ ಕಬ್ಬಿಣ.

ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ಅಚ್ಚು ಅಲ್ಲೇ ನಿಂತಿರುತ್ತದೆ, ಪ್ರತಿ ಚಕ್ರವೂ ಅದರ ತುದಿಯಲ್ಲಿ ತನ್ನಷ್ಟಕ್ಕೆ ತಿರುಗುತ್ತದೆ, ಕಳಚಿ ಬೀಳದಂತೆ ಕಡಾಣಿ ಕಾಯುತ್ತದೆ. ಎಳೆಯುವುದು ಎತ್ತು, ಚಕ್ರ ಬರೀ ಹಿಂಬಾಲಿಸುತ್ತದೆ. ರೈಲಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಎರಡು ಚಕ್ರವೂ ಅಚ್ಚೂ ಒಂದೇ ತುಂಡು. ಚಕ್ರದ ಅಂಚನ್ನು ಸ್ವಲ್ಪ ಓರೆಯಾಗಿ ಕಡೆದಿರುವುದರಿಂದ ಅಗಲವಾದ ತಿರುವುಗಳಲ್ಲಿ ಹೇಗೋ ಸರಿದೂಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಂಥ ಬಿಗಿ ತಿರುವುಗಳಲ್ಲಿ ಅದು ಸಾಲದೆ ಚಕ್ರ ಕಂಬಿಗೆ ಉಜ್ಜಿ ಕಿರುಚುತ್ತದೆ.

ಚಕ್ರವೇ ಗಾಡಿಯನ್ನು ನೂಕಬೇಕಾಗಿ ಬಂದಾಗ ಶುರುವಾಯಿತು ತೊಂದರೆ. ಫ್ರಾನ್ಸಿನಲ್ಲಿ ಗಡಿಯಾರದ ಕೆಲಸ ಕಲಿತಿದ್ದ ಒನೆಸಿಫೋರ್ ಪೆಕರ್ ಎಂಬ ತಂತ್ರಜ್ಞ 1827-28ರ ಸುಮಾರಿಗೆ ಉಗಿ ಬಂಡಿಗಾಗಿ ಒಂದು ಗೇರು ಜೋಡಣೆಗೆ ಪೇಟೆಂಟ್ ಪಡೆದ. ಎಂಜಿನ್ನಿನ ಬಲ ಎರಡೂ ಚಕ್ರಕ್ಕೆ ಹೋಗಬೇಕು, ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡಬೇಕು. ಇಂದಿನ ಡಿಫರೆನ್ಷಿಯಲ್‌ನ ಮೂಲ ಅದೇ. ಉಗಿ ಬಂಡಿಗಳ ಕಾಲ ಹಾಗೇ ಕಳೆಯಿತು. 1877ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಅದನ್ನು ಪೆಡಲ್ ತುಳಿಯುವ ಮೂರು ಚಕ್ರದ ಸೈಕಲ್ಲಿಗೆ ತಂದ. ಅಪ್ಪ ಮಗ ಅಕ್ಕಪಕ್ಕ ಕೂತು ಒಬ್ಬೊಬ್ಬ ಒಂದೊಂದು ಚಕ್ರ ತುಳಿಯುವ ಗಾಡಿಯಲ್ಲಿ ಹೋಗುವಾಗ, ಮಗನ ಕಾಲಿನ ಬಲ ಹೆಚ್ಚಾಗಿ ಗಾಡಿ ಒಂದು ಕಡೆ ತಿರುಗಿ ಅಪ್ಪ ಮುಳ್ಳುಗಿಡದ ಪೊದೆಗೆ ಬಿದ್ದ, ಅಲ್ಲೇ ಈ ಯೋಚನೆ ಹೊಳೆಯಿತು ಎಂದೊಂದು ಕತೆ ಇದೆ. ಕತೆ ನಿಜವೋ ಏನೋ, ಸೈಕಲ್ಲಂತೂ ನಿಜ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೊದಲ ಕಾರಿನಲ್ಲೇ ಡಿಫರೆನ್ಷಿಯಲ್ ಇತ್ತು. ಇವತ್ತು ಸಂತೆಗೆ ಓಡುವ ಆಟೋರಿಕ್ಷಾದಲ್ಲೂ ಇದೆ.

ಅದರ ಗುಣ ಅರ್ಥವಾಗಬೇಕಾದರೆ ನೊಗವನ್ನು ನೆನೆದುಕೊಳ್ಳಿ. ನೊಗದ ನಡುವಿಗೆ ಗಾಡಿ ಕಟ್ಟಿದೆ, ಎರಡು ತುದಿಗೆ ಎರಡು ಎತ್ತು. ಒಂದು ಸ್ವಲ್ಪ ಮುಂದೆ ಹೋದರೆ ಇನ್ನೊಂದು ಸ್ವಲ್ಪ ಹಿಂದೆ, ನೊಗ ವಾರೆಯಾಗಿ ಹೊಂದಿಕೊಳ್ಳುತ್ತದೆ. ಎರಡೂ ಕಡೆ ಬೀಳುವ ಎಳೆತ ಮಾತ್ರ ಸಮ. ಈಗ ಒಂದು ಎತ್ತು ಎಳೆಯಲಾರದೆ ನಿಂತರೆ? ಇನ್ನೊಂದು ಎಷ್ಟೇ ಗಟ್ಟಿಯಾಗಿದ್ದರೂ ನೊಗ ಪೂರ್ತಿ ವಾರೆಯಾಗುತ್ತದೆ, ಗಾಡಿ ಕದಲುವುದಿಲ್ಲ. ಡಿಫರೆನ್ಷಿಯಲ್ ಕೂಡ ಹೀಗೇ. ಎರಡು ಚಕ್ರಕ್ಕೂ ಅದು ಕೊಡುವ ಬಲ ಸಮ. ಹಾಗಾಗಿ ಹಿಡಿತ ಕಡಿಮೆ ಇರುವ ಚಕ್ರಕ್ಕೆ ಎಷ್ಟು ತಾಳಲು ಸಾಧ್ಯವೋ ಅಷ್ಟೇ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುತ್ತದೆ. ಕೆಸರಲ್ಲಿರುವ ಚಕ್ರ ತಿರುಗುತ್ತಲೇ ಇರುತ್ತದೆ, ಗಟ್ಟಿ ನೆಲದ್ದು ನೋಡುತ್ತಾ ನಿಲ್ಲುತ್ತದೆ.

ಇದೇ ಬೇಡ ಎಂದು ಡಿಫರೆನ್ಷಿಯಲ್ಲನ್ನೇ ಬಿಟ್ಟವರೂ ಇದ್ದರು. 1920 ಮತ್ತು 30ರ ದಶಕದಲ್ಲಿ ಇಂಗ್ಲೆಂಡಿನ ಫ್ರೇಜರ್ ನ್ಯಾಶ್ ಎಂಬ ಸಣ್ಣ ಕಂಪನಿ ಸರಪಳಿಯಿಂದ ಓಡುವ ಸ್ಪೋರ್ಟ್ಸ್ ಕಾರು ಮಾಡುತ್ತಿತ್ತು. ಹಿಂದಿನ ಅಚ್ಚು ಒಂದೇ ತುಂಡು. ನಾವು ಹೇಳಿದ ಆ 9.4 ಮೀಟರ್ ಕಡಿಮೆಯಾಗಲಿ ಎಂದು ಹಿಂದಿನ ಚಕ್ರಗಳನ್ನು ಹತ್ತಿರ ಹತ್ತಿರ ಇಟ್ಟಿದ್ದರು. ಆ ಕಾರು ತಿರುವಿನಲ್ಲಿ ಬಾಲ ಬೀಸುತ್ತಾ ಹೋಗುವುದಕ್ಕೇ ಹೆಸರಾಗಿತ್ತು. ಡ್ರಿಫ್ಟ್ ಎನ್ನುವ ಆಟಕ್ಕೆ ಒಬ್ಬ ಅಜ್ಜ ಬೇಕೆಂದರೆ ನಾವು ಈ ಕಾರನ್ನೇ ತೋರಿಸುತ್ತೇವೆ.

ದೊಡ್ಡ ಪಂದ್ಯಗಳಿಗೆ ಇದು ದೊಡ್ಡ ಪ್ರಶ್ನೆಯಾಗಿದ್ದು ಜರ್ಮನಿಯಲ್ಲಿ. ಫರ್ಡಿನೆಂಡ್ ಪೋರ್ಶೆ ಆಟೋ ಯೂನಿಯನ್ ಕಂಪನಿಗಾಗಿ 16 ಸಿಲಿಂಡರಿನ ರೇಸ್ ಕಾರು ರೂಪಿಸಿದ. ಎಂಜಿನ್ ಚಾಲಕನ ಬೆನ್ನ ಹಿಂದೆ. 1934ರಲ್ಲಿ ಅದು ಪಂದ್ಯಕ್ಕೆ ಇಳಿಯಿತು. ಬಲ ಎಷ್ಟಿತ್ತೆಂದರೆ ಗಂಟೆಗೆ 160 ಕಿಲೋಮೀಟರ್ ವೇಗದವರೆಗೂ ಒಂದು ಹಿಂಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ತಿರುವಿನಿಂದ ಹೊರಬರುವಾಗ ಕಾರು ಹೊರಗಡೆಗೆ ವಾಲುತ್ತದೆ, ಒಳಗಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ, ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. 1935ರಲ್ಲಿ ಪೋರ್ಶೆ ಝಡ್‌ಎಫ್ ಎಂಬ ಗೇರು ಕಂಪನಿಗೆ ಹೇಳಿ, ಬೇಕಾದಾಗ ಚಕ್ರಗಳನ್ನು ಬೇರೆ ಬಿಡುವ, ಒಂದು ಅತಿಯಾಗಿ ತಿರುಗತೊಡಗಿದರೆ ತಾನೇ ಬಿಗಿಹಿಡಿಯುವ ಡಿಫರೆನ್ಷಿಯಲ್ ಮಾಡಿಸಿದ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಎಂದು ನಂತರ ಹೆಸರಾಯಿತು. ಗ್ಯಾರೇಜಿನ ಬಾಯಲ್ಲಿ ಎಲ್‌ಎಸ್‌ಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಕ್ಯೂಬೆಲ್‌ವಾಗನ್ ಎಂಬ ಸೇನೆಯ ಗಾಡಿ ಎರಡೇ ಚಕ್ರದ ಎಳೆತದಲ್ಲಿ ಕೆಸರು, ಮರಳು ದಾಟುತ್ತಿದ್ದುದಕ್ಕೆ ಇದೇ ಜಾತಿಯ ಡಿಫರೆನ್ಷಿಯಲ್ ಒಂದು ಕಾರಣ.

ಇಲ್ಲಿ ನಮ್ಮ ಹೊಲಕ್ಕೂ ರೇಸ್ ಟ್ರ್ಯಾಕಿಗೂ ಒಂದು ನೇರ ನಂಟಿದೆ. ಊರುಗಳಲ್ಲಿ ಕಾಣುವ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಹೆಸರಲ್ಲಿರುವ ಫರ್ಗುಸನ್ ಅಂದರೆ ಐರ್ಲೆಂಡಿನ ಹ್ಯಾರಿ ಫರ್ಗುಸನ್. ನಮ್ಮ ದೇಶದಲ್ಲಿ ಇದನ್ನು ಚೆನ್ನೈನ ಟಾಫೆ ಮಾಡುತ್ತದೆ, ದೊಡ್ಡಬಳ್ಳಾಪುರದಲ್ಲೂ ಅವರ ಕಾರ್ಖಾನೆ ಇದೆ. ನೇಗಿಲು, ಕಲ್ಟಿವೇಟರ್ ಕಟ್ಟುವ ಹಿಂದಿನ ಮೂರು ಕೊಂಡಿಯ ಜೋಡಣೆ ಫರ್ಗುಸನ್‌ನ ಕೊಡುಗೆ. ಕೊನೆಗಾಲದಲ್ಲಿ ಅವನ ತಲೆಗೆ ಹತ್ತಿದ್ದು ಚಕ್ರ ಜಾರುವ ಸಮಸ್ಯೆ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ಹಿಂದು ಮುಂದಿನ ನಡುವೆ ಅತಿಯಾದ ವ್ಯತ್ಯಾಸ ಬಾರದಂತೆ ತಡೆಯುವ ಡಿಫರೆನ್ಷಿಯಲ್ ಇಟ್ಟು ಅವನ ಸಂಸ್ಥೆ ಪಿ99 ಎಂಬ ರೇಸ್ ಕಾರು ಕಟ್ಟಿತು. ಫರ್ಗುಸನ್ 1960ರಲ್ಲಿ ತೀರಿಕೊಂಡ. ಮರುವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನಲ್ಲಿ, ಮಳೆಯಿಂದ ಒದ್ದೆಯಾದ ಟ್ರ್ಯಾಕಿನ ಮೇಲೆ, ಸ್ಟರ್ಲಿಂಗ್ ಮಾಸ್ ಆ ಕಾರಿನಲ್ಲಿ ಗೋಲ್ಡ್ ಕಪ್ ಗೆದ್ದ. ಟ್ರ್ಯಾಕ್ಟರಿನವನ ಕಾರು ಗೆದ್ದದ್ದು ಒದ್ದೆ ನೆಲದಲ್ಲಿ ಎನ್ನುವುದು ನಮಗೆ ಬಹಳ ಸರಿ ಅನಿಸುತ್ತದೆ.

ಇನ್ನೊಂದು ನಂಟು ಇನ್ನೂ ತಮಾಷೆಯದು. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರುತ್ತದೆ. ಸಾಲಿನ ತುದಿಯಲ್ಲಿ ಒಳಗಿನ ಚಕ್ರದ ಬ್ರೇಕ್ ಒತ್ತಿದರೆ ಡಿಫರೆನ್ಷಿಯಲ್ ಬಲವನ್ನು ಹೊರಗಿನ ಚಕ್ರಕ್ಕೆ ಕೊಟ್ಟು ಟ್ರ್ಯಾಕ್ಟರ್ ನಿಂತಲ್ಲೇ ತಿರುಗುತ್ತದೆ. ಕೆಸರಲ್ಲಿ ಸುತ್ತುವ ಚಕ್ರಕ್ಕೆ ಮಾತ್ರ ಬ್ರೇಕ್ ಒತ್ತಿ ಇನ್ನೊಂದಕ್ಕೆ ಬಲ ತರುವ ಉಪಾಯವೂ ನಮ್ಮ ರೈತರಿಗೆ ಗೊತ್ತು. 1997ರಲ್ಲಿ ಮೆಕ್‌ಲಾರೆನ್ ಫಾರ್ಮುಲಾ ಒನ್ ತಂಡ ತನ್ನ ಕಾರಿನಲ್ಲಿ ಹೆಚ್ಚುವರಿ ಬ್ರೇಕ್ ಪೆಡಲ್ ಬಚ್ಚಿಟ್ಟು ಒಂದೇ ಹಿಂಚಕ್ರಕ್ಕೆ ಬ್ರೇಕ್ ಒತ್ತುವ ಹಾಗೆ ಮಾಡಿತ್ತು. ಒಬ್ಬ ಛಾಯಾಗ್ರಾಹಕ ನಿಂತ ಕಾರಿನ ಒಳಗೆ ಕ್ಯಾಮೆರಾ ತೂರಿಸಿ ಪೆಡಲ್ಲಿನ ಚಿತ್ರ ತೆಗೆದ, ಗುಟ್ಟು ಬಯಲಾಯಿತು. 1998ರಲ್ಲಿ ಎದುರಾಳಿಗಳ ದೂರಿನ ಮೇಲೆ ಅದನ್ನು ನಿಷೇಧಿಸಿದರು. ನಮ್ಮಲ್ಲಿ ಅದೇ ಪೆಡಲ್ಲು ಉಳುಮೆಗೆ ಹೋಗಿಬರುತ್ತಿದೆ.

ಅಮೆರಿಕದಲ್ಲಿ ಸಾಮಾನ್ಯರ ಕಾರಿಗೆ ಎಲ್‌ಎಸ್‌ಡಿ ಬಂದದ್ದು 1956ರಲ್ಲಿ ಪ್ಯಾಕರ್ಡ್ ಕಾರಿನ ಮೂಲಕ. ಮರುವರ್ಷ ಷೆವರ್ಲೆ ಪಾಸಿಟ್ರಾಕ್ಷನ್ ಎಂದು ಹೆಸರಿಟ್ಟು ಮಾರಿತು. ಹಿಮದ ರಸ್ತೆಯವರಿಗೆ ಅದು ಬೇಕಿತ್ತು, ನೇರ ರಸ್ತೆಯಲ್ಲಿ ಪಂದ್ಯ ಕಟ್ಟುವ ಹುಡುಗರಿಗೆ ಇನ್ನೂ ಬೇಕಿತ್ತು. ನೇರ ಓಟದ ಡ್ರ್ಯಾಗ್ ರೇಸಿನವರು ಗೇರುಗಳನ್ನೇ ತೆಗೆದು ಎರಡು ಶಾಫ್ಟನ್ನೂ ಒಂದೇ ಗಟ್ಟಿ ತುಂಡಿಗೆ ಕೂಡಿಸುವ ಸ್ಪೂಲ್ ಹಾಕಿದರು. ಅವರು ತಿರುಗುವುದೇ ಇಲ್ಲವಲ್ಲ. ಮಣ್ಣಿನ ವೃತ್ತಾಕಾರದ ಟ್ರ್ಯಾಕಿನವರ ಉಪಾಯ ನಮಗೆ ಎಲ್ಲಕ್ಕಿಂತ ಇಷ್ಟ. ಅವರ ಪಂದ್ಯದಲ್ಲಿ ಕಾರು ಯಾವಾಗಲೂ ಎಡಕ್ಕೇ ತಿರುಗುತ್ತದೆ. ಹಾಗಾಗಿ ಲಾಕ್ ಆದ ಅಚ್ಚಿಗೆ ಬಲಗಡೆ ಸ್ವಲ್ಪ ದೊಡ್ಡ ಟೈರು, ಎಡಗಡೆ ಸಣ್ಣ ಟೈರು. ಮೇಜಿನ ಮೇಲೆ ಉರುಳಿಸಿದ ಲೋಟ ತಾನಾಗಿ ಸುತ್ತು ಹೊಡೆಯುವ ಹಾಗೆ ಕಾರೂ ಎಡಕ್ಕೆ ಹೊರಳುತ್ತದೆ. ಕಾರ್ಟ್ ಎನ್ನುವ ಪುಟ್ಟ ರೇಸ್ ಗಾಡಿಗಳಿಗೂ ಡಿಫರೆನ್ಷಿಯಲ್ ಇಲ್ಲ. ಸ್ಟೇರಿಂಗ್ ತಿರುಗಿಸಿದಾಗ ಒಳಗಿನ ಹಿಂಚಕ್ರ ನೆಲದಿಂದ ಕೂದಲೆಳೆಯಷ್ಟು ಮೇಲೇಳುವಂತೆ ಅದರ ಚೌಕಟ್ಟು ಕಟ್ಟಿರುತ್ತಾರೆ. ಚಕ್ರ ಗಾಳಿಯಲ್ಲಿದ್ದರೆ ಜಗಳವೇ ಇಲ್ಲ.

ಇನ್ನು ಜಪಾನ್. 1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ಎಂಬ ಚಾಲಕ ತಿರುವಿಗೆ ಅಡ್ಡಲಾಗಿ ನುಗ್ಗಿ ಜಾರುತ್ತಲೇ ಹೊರಬರುವ ಶೈಲಿಯಿಂದ ಹೆಸರು ಮಾಡಿದ. ಆತ ಮೊದಲು ಮೋಟರ್‌ಸೈಕಲ್ ಪಂದ್ಯದವನು, 1961ರಲ್ಲಿ ಮೋಟರ್‌ಸೈಕಲ್ ಗ್ರಾನ್ ಪ್ರಿ ಗೆದ್ದ ಮೊದಲ ಜಪಾನಿ. ಅವನನ್ನು ನೋಡಿ ಬೆಳೆದ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಅದನ್ನೇ ಅಭ್ಯಾಸ ಮಾಡಿದ. 1987ರಲ್ಲಿ ಬಂದ ಅವನ ವಿಡಿಯೊ ಒಂದು ತಲೆಮಾರನ್ನೇ ಹಾಳು ಮಾಡಿತು ಅಂತಲೂ ಹೇಳಬಹುದು, ಒಂದು ಆಟವನ್ನೇ ಹುಟ್ಟಿಸಿತು ಅಂತಲೂ ಹೇಳಬಹುದು. ಅವನ ಕೈಯಲ್ಲಿದ್ದದ್ದು 1983ರಿಂದ ಟೊಯೋಟಾ ಮಾರಿದ ಎಇ86. 1600 ಸಿಸಿ ಎಂಜಿನ್, ಹಗುರ ಮೈ, ಹಿಂಚಕ್ರದ ಎಳೆತ. 1995ರಲ್ಲಿ ಶುರುವಾದ ಇನಿಶಿಯಲ್ ಡಿ ಎಂಬ ಚಿತ್ರಕತೆಯಲ್ಲಿ ಸೋಯಾ ಪನ್ನೀರು ಹಂಚುವ ಹುಡುಗ ಇದೇ ಕಾರಿನಲ್ಲಿ ಘಾಟಿ ಇಳಿದು ಇಡೀ ಏಷ್ಯಾದ ಹುಡುಗರ ತಲೆ ಕೆಡಿಸಿದ. 2000ದ ಹೊತ್ತಿಗೆ ಡಿ1 ಗ್ರಾನ್ ಪ್ರಿ ಎಂಬ ಡ್ರಿಫ್ಟ್ ಸ್ಪರ್ಧೆ ಶುರುವಾಗಿ ಆಟ ಬೆಟ್ಟದಿಂದ ಟ್ರ್ಯಾಕಿಗೆ ಇಳಿಯಿತು.

ಡ್ರಿಫ್ಟ್ ಆಗಬೇಕಾದರೆ ಎರಡೂ ಹಿಂಚಕ್ರ ಒಟ್ಟಿಗೆ ಹಿಡಿತ ಬಿಡಬೇಕು. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಳಗಿನದೊಂದೇ ಸುತ್ತುತ್ತದೆ, ಹೊರಗಿನದು ನೆಲ ಹಿಡಿದುಕೊಂಡಿರುತ್ತದೆ, ಜಾರುವಿಕೆ ಅಲ್ಲೇ ಸಾಯುತ್ತದೆ. ಒಳ್ಳೆಯ ಎಲ್‌ಎಸ್‌ಡಿ ಕೊಳ್ಳಲು ದುಡ್ಡಿಲ್ಲದ ಹುಡುಗರು ಡಿಫರೆನ್ಷಿಯಲ್ ಬಿಚ್ಚಿ, ಒಳಗಿನ ಸಣ್ಣ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿದರು. ಜಪಾನಿನಲ್ಲಿ ಇದಕ್ಕೆ ಡೆಫು ರೊಕ್ಕು ಎನ್ನುತ್ತಾರೆ, ಡಿಫ್ ಲಾಕ್ ಎನ್ನುವುದರ ಅವರ ಉಚ್ಚಾರ. ಬಡವರ ದಾರಿ ಅದು, ಮತ್ತು ಆ ಒಂದು ಕೆಲಸಕ್ಕೆ ಸಾಕಾದ ದಾರಿ. ಯಾಕೆಂದರೆ ಡ್ರಿಫ್ಟಿನಲ್ಲಿ ಆ 2.4 ಮೀಟರನ್ನು ಟೈರು ತಿನ್ನುತ್ತದೆ. ಹೊಗೆಯಾಗಿ ಹೋಗುವುದು ಅದೇ ಟೈರು.

ಈ ಇತಿಹಾಸವನ್ನು ನಾವು ಬರೆಯಲು ಕೂತದ್ದಕ್ಕೆ ಒಂದು ಕಾರಣ ಇದೆ. ತಾಲ್ಲೂಕು ಕೇಂದ್ರದ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿರುವ ಓದುಗನೊಬ್ಬ ಕೇಳಿದ್ದ: ಹಳೇ ಓಮ್ನಿಯದು ಹಿಂಚಕ್ರದ ಎಳೆತ ತಾನೇ, ಅದರ ಡಿಫರೆನ್ಷಿಯಲ್ ವೆಲ್ಡ್ ಮಾಡಿಕೊಡಿ ಎಂದು ಹುಡುಗರು ಬರುತ್ತಿದ್ದಾರೆ, ಮಾಡಬಹುದಾ?

ನಮ್ಮ ಉತ್ತರ, ಬೇಡ. ಓಮ್ನಿಯದು 796 ಸಿಸಿ ಎಂಜಿನ್. ಒಣ ಡಾಂಬರಿನ ಮೇಲೆ ಎರಡು ಟೈರನ್ನೂ ಒಟ್ಟಿಗೆ ಬಿಡಿಸುವ ತಾಕತ್ತು ಅದಕ್ಕಿಲ್ಲ. ಹಿಡಿತ ಬಿಡದ ಎರಡು ಚಕ್ರ ಒಂದೇ ವೇಗದಲ್ಲಿ ತಿರುಗಲು ಹಟ ಹಿಡಿದರೆ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ. ನೀವು ಸ್ಟೇರಿಂಗ್ ಎಳೆದರೂ ಮೂತಿ ತಿರುವಿನ ಹೊರಗೆ ಜಾರುತ್ತದೆ. ಮಳೆ ಬಿದ್ದರೆ ಇದಕ್ಕೆ ತದ್ವಿರುದ್ಧ, ನಿಧಾನದ ತಿರುವಿನಲ್ಲೂ ಬಾಲ ಹೇಳದೆ ಕೇಳದೆ ಬೀಸುತ್ತದೆ. ಎತ್ತರದ, ಕಿರಿದಾದ ಗಾಡಿ ಅದು. ಮೇಲಾಗಿ ಗೇರಿನ ಉಕ್ಕು ಕಾಯಿಸಿ ಗಟ್ಟಿ ಮಾಡಿದ್ದು, ವೆಲ್ಡ್ ಅದಕ್ಕೆ ಸರಿಯಾಗಿ ಕೂರದೆ ಬಿರುಕು ಬಿಡಬಹುದು. ಮುರಿದ ಚೂರು ದೊಡ್ಡ ಗೇರಿನ ಹಲ್ಲಿಗೆ ಸಿಕ್ಕಿದರೆ ಓಡುತ್ತಿರುವಾಗಲೇ ಚಕ್ರ ಕಚ್ಚಿಕೊಳ್ಳುತ್ತದೆ. ಹುಡುಗರು ಒಂದು ರೀಲ್ ಮಾಡಿ ಬಿಟ್ಟ ಓಮ್ನಿಯಲ್ಲೇ ನಾಳೆ ಮನೆಯವರು ಮದುವೆಗೆ ಹೋಗುತ್ತಾರೆ, ಇಲ್ಲವೇ ಅದನ್ನು ಏನೂ ಹೇಳದೆ ಇನ್ನೊಬ್ಬರಿಗೆ ಮಾರುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿ ಇಲ್ಲದೆ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ ಅನ್ನುವುದು ಬೇರೆ.

ಟ್ರೈಲರ್ ಮೇಲೆ ಹೊತ್ತು ತಂದು ಟ್ರ್ಯಾಕಿನಲ್ಲೇ ಇಳಿಸುವ, ರಸ್ತೆಗೆ ಬರದ ಡ್ರಿಫ್ಟ್ ಕಾರಿಗೆ ವೆಲ್ಡ್ ಆಗಬಹುದು. ಕಲಿಯುವವರಿಗೆ ಅದೇ ಒಳ್ಳೆಯದು ಎನ್ನುವವರೂ ಇದ್ದಾರೆ, ಯಾಕೆಂದರೆ ಅದು ಯಾವಾಗಲೂ ಒಂದೇ ರೀತಿ ನಡೆದುಕೊಳ್ಳುತ್ತದೆ. ಒಂದೆರಡು ಶಾಫ್ಟ್ ಹೆಚ್ಚಿಗೆ ಇಟ್ಟುಕೊಂಡಿರಬೇಕು ಅಷ್ಟೆ. ದುಡ್ಡಿದ್ದವರು ಪ್ಲೇಟ್ ಇರುವ ಎಲ್‌ಎಸ್‌ಡಿ ಹಾಕುತ್ತಾರೆ. ಅದರೊಳಗೆ ಬೈಕಿನ ಕ್ಲಚ್ ಪ್ಲೇಟಿನಂಥವು ಸಾಲಾಗಿರುತ್ತವೆ. ಬಲ ಬಿದ್ದಾಗ ಓರೆ ಮೈಯ ತುಂಡುಗಳು ಅಗಲವಾಗಿ ಪ್ಲೇಟುಗಳನ್ನು ಒತ್ತುತ್ತವೆ. ಆಕ್ಸಿಲೇಟರ್ ಕೊಟ್ಟಾಗ ಮಾತ್ರ ಬಿಗಿಯುವುದಕ್ಕೆ ಒನ್ ವೇ, ಕಾಲು ತೆಗೆದಾಗಲೂ ಅಷ್ಟೇ ಬಿಗಿಯುವುದಕ್ಕೆ ಟೂ ವೇ, ಕಾಲು ತೆಗೆದಾಗ ಅರೆಬರೆ ಬಿಗಿಯುವುದಕ್ಕೆ ಒಂದೂವರೆ ವೇ ಎನ್ನುತ್ತಾರೆ. ಡ್ರಿಫ್ಟಿನವರಿಗೆ ಟೂ ವೇ ಬೇಕು, ಕಾಲು ತೆಗೆದು ಬಾಲ ಬೀಸುವಾಗಲೂ ಎರಡು ಚಕ್ರ ಜೊತೆಗಿರಬೇಕಲ್ಲ. ಸಮಯಕ್ಕಾಗಿ ಓಡುವ ಟ್ರ್ಯಾಕ್ ಕಾರಿನವರು ಸಾಮಾನ್ಯವಾಗಿ ಒಂದೂವರೆಗೆ ನಿಲ್ಲುತ್ತಾರೆ. ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ ಅದು ಕಾರನ್ನು ತಿರುಗಲು ಬಿಡುತ್ತದೆ, ಹೊರಬರುವಾಗ ಬಿಗಿಯುತ್ತದೆ. ಪ್ಲೇಟು ಸವೆಯುತ್ತದೆ, ಅದಕ್ಕೆ ಬೇರೆಯದೇ ಎಣ್ಣೆ ಬೇಕು, ಬೇಗ ಬೇಗ ಬದಲಿಸಬೇಕು.

ಪ್ಲೇಟಿಲ್ಲದೆ, ಗೇರಿನ ಹಲ್ಲುಗಳ ತಿಕ್ಕಾಟದಿಂದಲೇ ಬಿಗಿಯುವ ಇನ್ನೊಂದು ಜಾತಿ ಇದೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದದ್ದು, ಟಾರ್ಸೆನ್ ಎಂದು ಹೆಸರಾಯಿತು. ಸವೆತ ಕಡಿಮೆ, ಸ್ಟೇರಿಂಗ್ ಜಗ್ಗುವುದಿಲ್ಲ, ಮುಂಚಕ್ರದ ಎಳೆತದ ಕಾರಿಗೆ ಒಗ್ಗುತ್ತದೆ. ಆದರೆ ಒಂದು ಚಕ್ರ ಪೂರ್ತಿ ಗಾಳಿಗೆ ಎದ್ದರೆ ಅದೂ ಮಾಮೂಲಿ ಡಿಫರೆನ್ಷಿಯಲ್ಲಿನಂತೆ ಕೈಬಿಡುತ್ತದೆ.

ಕೊಡಗಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್‌ನಂಥ ಕಡೆ ಲೆಕ್ಕ ಬೇರೆ. ಅಲ್ಲಿ ನೆಲವೇ ಜಾರಿ ಕೊಡುತ್ತದೆ, ಬಿಗಿ ಲಾಕಿನಿಂದ ಕಬ್ಬಿಣಕ್ಕೆ ಅಷ್ಟು ಹಿಂಸೆಯಿಲ್ಲ. ಫೋರ್ಸ್ ಗೂರ್ಖಾದಲ್ಲಿ ಚಾಲಕ ತಾನೇ ಹಾಕಿ ತೆಗೆಯುವ ಲಾಕ್ ಇರುವುದು ಇಂಥ ನೆಲಕ್ಕೇ. ಟ್ರ್ಯಾಕ್ಟರಿನ ಪೆಡಲ್ಲಿಗೂ ಇದೇ ಮಾತು. ಕೆಸರಿನಲ್ಲಿ, ನೇರ ಹೋಗುವಾಗ ಒತ್ತಿ. ಚಕ್ರ ಜೋರಾಗಿ ಸುತ್ತುತ್ತಿರುವಾಗ ಒತ್ತಬೇಡಿ, ನಿಧಾನ ಮಾಡಿ ಒತ್ತಿ. ತಿರುಗುವ ಮುಂಚೆ ಬಿಡಿ. ಕಾಲು ತೆಗೆದ ಮೇಲೂ ಅದು ಕಚ್ಚಿಕೊಂಡಿರುವುದುಂಟು, ಹಾಗೇ ಲೋಡು ಕಟ್ಟಿಕೊಂಡು ಡಾಂಬರಿಗೆ ಹತ್ತಿದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಹಳೇ ಹಿಂಚಕ್ರದ ಕಾರು ಕೊಳ್ಳುವವರು ಹಿಂದಿನ ಮಾಲೀಕ ಒಳಗೆ ಏನು ಮಾಡಿಸಿದ್ದಾನೆಂದು ಬಿಚ್ಚದೆಯೇ ನೋಡಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಎರಡೂ ಹಿಂಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ಎಂಜಿನ್ ಆರಿಸಿ, ಗೇರು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಒಳಗಿರುವುದು ಮಾಮೂಲಿ ಡಿಫರೆನ್ಷಿಯಲ್, ಅಪರೂಪಕ್ಕೆ ಟಾರ್ಸೆನ್ ಜಾತಿಯದು. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಒಬ್ಬರಿಗೆ ಆ ಕಡೆಯ ಚಕ್ರ ಹಿಡಿದುಕೊಳ್ಳಲು ಹೇಳಿ, ಈ ಕಡೆಯದನ್ನು ಬಲವಾಗಿ ತಿರುಗಿಸಿ ನೋಡಿ. ಬಿಗಿಯಾಗಿಯಾದರೂ ಸರಿದರೆ ಪ್ಲೇಟಿನ ಎಲ್‌ಎಸ್‌ಡಿ. ಕೂದಲೆಳೆಯಷ್ಟೂ ಅಲುಗದಿದ್ದರೆ ಒಳಗೆ ವೆಲ್ಡ್ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ದುಡ್ಡು ಕೊಡುವ ಮುಂಚೆ ಮೆಕ್ಯಾನಿಕ್ ಕೈಲಿ ಬಿಚ್ಚಿಸಿ ನೋಡಿ.